ಹಿಂದೆ ನಿಂತು ಕರೆದರೆ

ಗಣಿ ಕ್ವಾರ್ಟರ್ಸ್, ಮೂರನೇ ಸಾಲು
ಹದಿನಾಲ್ಕನೇ ತಾರೀಖು, ಶುಕ್ರವಾರ ಮಧ್ಯಾಹ್ನ

ನಮ್ಮ ಮನೆಯ ಯಜಮಾನರಿಗೆ ನಮಸ್ಕಾರ.

ಕಾಲು ಹೇಗಿದೆ? ಪ್ಲಾಸ್ಟರ್ ಒಳಗೆ ಕೆರೆಯುತ್ತದೆ ಅಂತ ಕಡ್ಡಿ ಗಿಡ್ಡಿ ತೂರಿಸಬೇಡಿ, ನಿಮ್ಮ ಬುದ್ಧಿ ನನಗೆ ಗೊತ್ತು. ಆಸ್ಪತ್ರೆ ಊಟ ಸಪ್ಪೆಯಾದರೂ ಬಿಡದೆ ತಿನ್ನಿ. ಮಗಳು ಚೆನ್ನಾಗಿದ್ದಾಳೆ; ನಿಮ್ಮ ಹೆಲ್ಮೆಟ್ ಹಾಕಿಕೊಂಡೇ ಹೋಮ್‌ವರ್ಕ್ ಮಾಡುತ್ತಾಳೆ, ತೆಗೆಯೇ ಅಂದರೆ ಕೇಳುವುದಿಲ್ಲ. ನಿಮ್ಮ ತಮ್ಮ ದಿನಾ ಬಂದು ನೀರು ತುಂಬಿಸಿ ಹೋಗುತ್ತಾನೆ. ನಿಮ್ಮ ಸಲಾಕೆ ಈಗ ಅವನ ಕೈಗೆ ಬಂದಿದೆ. ಸೋಮವಾರದಿಂದ ಎಲ್ಲರಿಗಿಂತ ಮುಂದೆ ಹೋಗಿ, ಗಣಿಯ ಚಾವಣಿ ಬಂಡೆ ತಟ್ಟಿ, ಸದ್ದು ಗಟ್ಟಿಯೋ ಟೊಳ್ಳೋ ಅಂತ ಹೇಳಬೇಕಾದವನು ಅವನೇ. ಅವನ ಮಾತು ನಂಬಿ ಹನ್ನೊಂದು ಜನ ಒಳಗೆ ಹೋಗುತ್ತಾರೆ.

ವಿಚಾರಣೆಗೆ ನೀವು ಬರೆದುಕೊಟ್ಟ ಹೇಳಿಕೆಯನ್ನು ಮೇಸ್ತ್ರಿ ಮನೆಗೆ ಬಂದು ಓದಿದರು. ಬಂಡೆ ತಾನಾಗಿ ಕುಸಿದು ಕಾಲ ಮೇಲೆ ಬಿತ್ತು ಅಂತ ಬರೆದಿದ್ದರೆ ಯಾರೂ ಎರಡನೇ ಮಾತು ಕೇಳುತ್ತಿರಲಿಲ್ಲ. ನೀವು ಬರೆದದ್ದು, 'ಬಂಡೆ ಟೊಳ್ಳು ಅಂತ ಹೇಳಿತ್ತು, ನನಗೆ ಕೇಳಿಸಲಿಲ್ಲ. ಎರಡು ವರ್ಷದಿಂದ ಕಿವಿ ಮಂದ. ಮುಚ್ಚಿಟ್ಟಿದ್ದೆ.' ಓದಿ ಮುಗಿಸಿ ಮೇಸ್ತ್ರಿ ಕಾಗದ ಮಡಚಿದರು. 'ಎಂಥ ಗಂಡಸಮ್ಮ ನಿನ್ನ ಗಂಡ' ಅಂದರು. ನನ್ನ ಎದೆ ಉಬ್ಬಿತು, ಹಿಂದೆಯೇ ತಲೆಯೂ ತಗ್ಗಿತು. ನನಗೂ ಗೊತ್ತಿತ್ತಲ್ಲ! ರೇಡಿಯೋ ಸೂರು ಹಾರುವಷ್ಟು ಕಿರುಚುತ್ತಿದ್ದಾಗ ಪಕ್ಕದ ಮನೆಯವಳಿಗೆ, ಇವರಿಗೆ ವಾರ್ತೆ ಅಂದರೆ ಪ್ರಾಣ ಅಂತ ಬುರುಡೆ ಬಿಟ್ಟವಳು ನಾನೇ. ಕೆಲಸ ಹೋದೀತು ಅಂತ ಬಾಯಿ ಮುಚ್ಚಿಕೊಂಡಿದ್ದೆ.

ಅವತ್ತೇ ನಲ್ಲಿ ಹತ್ತಿರ ಹೆಂಗಸರಿಗೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿದೆ. ಗಣಿ ಡಾಕ್ಟರು ಎದುರಿಗೆ ಕೂತು 'ಕೇಳ್ತಾ ಇದೆಯಾ' ಅಂದರೆ ಡ್ರಿಲ್ಲಿನ ಸದ್ದಿಗೆ ಕಿವಿ ಹೋದ ಗಂಡಸರೆಲ್ಲ ತುಟಿ ನೋಡಿ ಹೂಂ ಅನ್ನುವವರೇ. ಅದಕ್ಕೆ ನಾವೇ ಪರೀಕ್ಷೆ ಇಟ್ಟೆವು. ಗಂಡ ಊಟಕ್ಕೆ ಕೂತಾಗ ಐದು ಹೆಜ್ಜೆ ಹಿಂದೆ ನಿಂತು ಮೆಲ್ಲಗೆ 'ರೀ, ಟೀ ಬೇಕಾ?' ಅನ್ನುವುದು. ಕೇಳಿಸಿದವರೆಲ್ಲ ಬೇಕು ಅಂದವರೇ, ಎರಡು ದಿನಕ್ಕೆ ಸಾಲಿನ ಟೀಪುಡಿಯೆಲ್ಲ ಖಾಲಿ! ಡ್ರಿಲ್ ಹಿಡಿಯುವ ಮೀಸೆ ಮಾವನ ಹೆಂಡತಿ ಏಳು ಸಲ ಕೇಳಿ, ಅಳುತ್ತಾ ನಮ್ಮ ಮನೆಗೆ ಬಂದಳು. ಹಾಗೆ ನಾಲ್ಕು ಜನ ಸಿಕ್ಕರು. ಪಟ್ಟಿ ಹಿಡಿದು ಡಾಕ್ಟರ ಬಾಗಿಲಿಗೆ ಹೋದೆವು. ಮೊದಲು ನಕ್ಕರು. ಮೀಸೆ ಮಾವನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಕರೆದು ನೋಡಿದ ಮೇಲೆ ನಗು ನಿಂತಿತು. ಕೂಲಿ ಕಡಿಮೆಯಾದರೂ ನಾಲ್ವರಿಗೂ ಈಗ ಗಣಿಯ ಹೊರಗೇ ಕೆಲಸ. ನೀವು ನಿಜ ಬರೆಯದಿದ್ದರೆ ನನಗೆಲ್ಲಿಂದ ಧೈರ್ಯ ಬರುತ್ತಿತ್ತು ಹೇಳಿ?

ಕುಂಟುತ್ತಾ ಬಂದರೂ ಸರಿ, ಬೇಗ ಬನ್ನಿ. ನಿಮ್ಮ ಪಕ್ಕದಲ್ಲಿ ಈ ಬೀದಿಯುದ್ದಕ್ಕೂ ತಲೆಯೆತ್ತಿ ನಡೆಯುವ ಆಸೆ ನನಗೆ. ಕಿವಿಯ ಚಿಂತೆ ಬಿಡಿ, ಕಿರುಚುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ.

ಮಗಳ ಮುತ್ತುಗಳ ಜೊತೆ,
ನಿಮ್ಮ ಬಾಯಿಬಡುಕಿ

ವಿ.ಸೂ.: ಬರೆಯಲೋ ಬೇಡವೋ ಅಂತ ಇಷ್ಟು ಹೊತ್ತು ತಡೆದೆ. ಬೆಳಗ್ಗೆ ನಿಮ್ಮ ತಮ್ಮ ಮೆಟ್ಟಿಲ ಮೇಲೆ ಕೂತು ಸಲಾಕೆ ಒರೆಸುತ್ತಿದ್ದ. ಹಿಂದೆ ನಿಂತು ಮೂರು ಸಲ ಕರೆದೆ. ತಿರುಗಲಿಲ್ಲ. ಎದುರಿಗೆ ಹೋಗಿ ಹೇಳಿದರೆ, 'ಅಣ್ಣನ ಕೆಲಸ ಹೋಯ್ತು, ನಂದೂ ಹೋದ್ರೆ ಎರಡು ಮನೆ ಹೇಗೆ ನಡೆಯುತ್ತೆ ಅತ್ತಿಗೆ? ಯಾರಿಗೂ ಹೇಳ್ಬೇಡಿ' ಅಂತ ಕೈ ಹಿಡಿದುಕೊಂಡ. ಸಲಾಕೆಯನ್ನು ಮಂಚದ ಕೆಳಗೆ ಬಚ್ಚಿಟ್ಟಿದ್ದೇನೆ. ನೀವು ಹೇಳಿದರೆ ಅವನು ತಾನಾಗಿ ಒಪ್ಪಿಕೊಂಡಾನು. ಕಾಗದ ತರುವ ಮೇಸ್ತ್ರಿಯ ಕೈಯಲ್ಲೇ ಅವನಿಗೆ ನಾಲ್ಕು ಸಾಲು ಬರೆದು ಕಳಿಸಿ. ಭಾನುವಾರದೊಳಗೆ ಬರದಿದ್ದರೆ ಪಟ್ಟಿಗೆ ಐದನೇ ಹೆಸರು ನಾನೇ ಸೇರಿಸುತ್ತೇನೆ, ಅವನು ಜನ್ಮದಲ್ಲಿ ನನ್ನನ್ನು ಅತ್ತಿಗೆ ಅನ್ನದಿದ್ದರೂ ಸರಿ.