ಎದೆಮಟ್ಟದ ಬೇರು

ನೆರೆದ ಮಹಾಜನರೇ, ಸದ್ದಿಲ್ಲದೆ ಕೇಳಿ! ಈ ಓಲೆ ತಳಿ ಸಂಶೋಧಕನೊಬ್ಬ ತನ್ನ ಸತ್ತ ಗೆಳೆಯನಿಗೆ ಬರೆದದ್ದು.

ಗೆಳೆಯಾ, ಬರ ತಡೆಯುವ ತಳಿ ಹುಡುಕಲು ನಮ್ಮ ಸಂಶೋಧನಾ ಕೇಂದ್ರದ ಹೊಲಕ್ಕೆ ನಲವತ್ತು ದಿನ ನೀರು ನಿಲ್ಲಿಸಿದ್ದಾಗ, ನಿನ್ನ ಕಡಲೆಕಾಯಿ ಸಾಲೊಂದೇ ಹಸಿರಾಗಿತ್ತು. ನೀನು ಕದ್ದು ನೀರುಣಿಸಿದೆಯೆಂದು ಸಭೆಯಲ್ಲಿ ಗುಡುಗಿದವನು ನಾನೇ. ನಿನ್ನ ಕೆಲಸ ಹೋಯಿತು, ಆ ಕೊರಗಿನಲ್ಲೇ ನೀನೂ ಹೋದೆ.

ಈ ಸಲ ಅದೇ ಬೀಜ ಬಿತ್ತಿ, ನೀರಿನ ವಾಲ್ವಿಗೆ ಬೀಗ ಜಡಿದು ಕೀಲಿಕೈ ನಾನೇ ಇಟ್ಟುಕೊಂಡೆ. ಸಾಲು ಮತ್ತೆ ಹಸಿರಾಗಿಯೇ ಉಳಿಯಿತು. ಇವತ್ತು ಅಗೆದೆ. ಗುಂಡಿ ಎದೆಮಟ್ಟವಾದರೂ ಬೇರು ಮುಗಿಯಲಿಲ್ಲ.

ಕಳೆ ಕೀಳಲು ಬಂದಿದ್ದ ನಿನ್ನ ಹೆಂಡತಿ ದೂರದಿಂದಲೇ ಕೇಳಿದಳು, "ಬೇರು ಆಳಕ್ಕೆ ಹೋಗಿದ್ಯಾ ಅಣ್ಣ?"

"ಎಲ್ಲಿ ತಂಗಿ, ಎಲ್ಲದರ ಹಾಗೇ ಗೇಣುದ್ದ."

"ಹಾಗಾದ್ರೆ ಅವರು ಕದ್ದಿದ್ದು ನಿಜಾನೇ ಬಿಡಿ."

ಗುಂಡಿ ಮುಚ್ಚಿದೆ. ನಾಳೆ ಬೆಳಗ್ಗೆ ಈ ತಳಿಯನ್ನು ನನ್ನ ಹೆಸರಿನಲ್ಲೇ ನೋಂದಾಯಿಸುತ್ತೇನೆ.