ಷರತ್ತಿನ ನೀರು

ಹದ್ದಿನಗುಡ್ಡ ದ್ವೀಪ, ಶರಾವತಿಯ ಅಳಿವೆ
ಇಸವಿ ೨೨೧೯, ಕಾರ್ತಿಕ ಬಹುಳ

ನಮಗಿಂತ ಇನ್ನೂರು ವರ್ಷ ಮೊದಲು ಬದುಕಿರುವವರಿಗೆ,

ಮೇಲಿನ ಇಸವಿ ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಈ ಕಾಗದವನ್ನು ಪಕ್ಕಕ್ಕಿಡಬೇಡಿ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಅವು ನಿಮ್ಮ ಕಾಲದಲ್ಲಿ ಹುಟ್ಟಿರಲಿಲ್ಲ, ಹುಟ್ಟುವ ಅಗತ್ಯವೂ ಇರಲಿಲ್ಲ. ಅದೊಂದಕ್ಕೆ ಕ್ಷಮೆ ಕೇಳುತ್ತೇನೆ. ನನ್ನ ಸಿಟ್ಟಿಗೆ ಕೇಳುವುದಿಲ್ಲ. ಒಂದು ವರ್ಷದಿಂದ ಅದನ್ನು ನುಂಗಿಕೊಂಡು ಬಂದಿದ್ದೇನೆ. ಇಲ್ಲಿ ಯಾರ ಮೇಲೆ ಕಾರಿದರೂ ಅವರೂ ನನ್ನಷ್ಟೇ ಬಾಯಾರಿದವರು. ಹಾಗಾಗಿ ನಿಮಗೆ ಬರೆಯುತ್ತಿದ್ದೇನೆ.

ನನ್ನ ಹೆಸರು ಕಮಲಿ ಅಂಬಿಗ. ನಾನಿರುವ ದ್ವೀಪ ನಿಮ್ಮ ಕಾಲದಲ್ಲಿ ದ್ವೀಪವಲ್ಲ, ಕರಾವಳಿಯ ಒಂದು ಗುಡ್ಡ. ಅದರ ಬುಡದಲ್ಲಿ ಗದ್ದೆ, ಶಾಲೆ, ಬಸ್ಸು ನಿಲ್ಲುವ ಜಾಗ ಇದ್ದವಂತೆ. ಅದೆಲ್ಲವೂ ಈಗ ಮುಳುಗೂರು, ಅಂದರೆ ನೀರಿನಡಿಯ ಊರು. ನಮ್ಮ ದೋಣಿಗಳು ಅದರ ಮೇಲೆಯೇ ಹೋಗಿಬರುತ್ತವೆ. ಗುಡ್ಡದ ಮೇಲೆ ನಲವತ್ತು ಮನೆ, ದೀವಿಹಲಸಿನ ಮರ, ಗೆಣಸಿನ ಪಾತಿ, ಒಣಮೀನಿನ ಚಪ್ಪರ. ಗಾಳಿಗೆ ಹಾರದಂತೆ ಮನೆಯ ಮಾಡುಗಳನ್ನು ಹಗ್ಗ ಹಾಕಿ ಬಂಡೆಗೆ ಬಿಗಿದಿದ್ದೇವೆ. ಬಾವಿಯೆಲ್ಲ ಉಪ್ಪು. ನಿಮ್ಮವರು ಕೊರೆದ ಕೊಳವೆಬಾವಿಗಳು ಸಿಹಿನೀರನ್ನು ಹೀರಿದ್ದವು, ಆ ಜಾಗಕ್ಕೆ ಕಡಲು ಬಂದು ಕೂತಿತು. ನಾವು ಕುಡಿಯುವುದು ಬಾನಿಂದ ಬಿದ್ದದ್ದನ್ನು ಮಾತ್ರ.

ಶರತ್ಕಾಲದ ಕೊನೆ ಎಂದರೆ ನಿಮಗೆ ತಿಳಿಯಾದ ಆಕಾಶ, ಹಬ್ಬ, ಸಮುದ್ರತೀರಕ್ಕೆ ಬರುವ ಪ್ರವಾಸಿಗರು. ನಮಗೆ ಅದು ಹನಿಗಾಲ. ಘಟ್ಟದ ಕಡೆಯಿಂದ ಗಾಳಿ ಎದ್ದು ಬರುತ್ತದೆ, ದಿನವಿಡೀ ಬೀಸುತ್ತದೆ. ಒಂದು ಮಗ್ಗುಲಲ್ಲಿ ಬಿಸಿಲು ಇರುವಾಗಲೇ ಇನ್ನೊಂದು ಮಗ್ಗುಲಲ್ಲಿ ಬೂದುಬಣ್ಣದ ಪರದೆಯಂತೆ ಮಳೆ ಕಡಲ ಮೇಲೆ ನಡೆದು ಬರುತ್ತದೆ. ಅದನ್ನು ಮೊದಲು ಕಂಡವರು ಕೂಗಬೇಕು. ಕೂಗು ಕೇಳಿದ ಕೂಡಲೇ ಒಲೆಯ ಮುಂದೆ ಇದ್ದವರು, ಬಲೆ ಹೆಣೆಯುತ್ತಿದ್ದವರು, ಜ್ವರದಲ್ಲಿ ಮಲಗಿದ್ದವರು ಕೂಡ ಎದ್ದು ಹನಿಹಾಸುಗಳ ಕಡೆಗೆ ಓಡುತ್ತಾರೆ. ಹನಿಹಾಸು ಎಂದರೆ ನಾಲ್ಕು ಮೂಲೆಗೆ ಕಂಬ ಕೊಟ್ಟು ಬಿಡಿಸುವ ದೊಡ್ಡ ಬಟ್ಟೆ. ಮೊದಲು ಬಿದ್ದ ನೀರು ಬಟ್ಟೆಯ ಮೇಲೆ ಕೂತ ಕಡಲ ಉಪ್ಪನ್ನು ತೊಳೆಯುವುದಕ್ಕೆ, ಅದನ್ನು ಚೆಲ್ಲುತ್ತೇವೆ. ಆಮೇಲಿನದು ಕೊಳಕ್ಕೆ. ಎಷ್ಟೋ ಸಲ ತೊಳೆಯುವುದು ಮುಗಿಯುವುದರೊಳಗೆ ಮಳೆಯೇ ಮುಗಿದು, ಬಿಸಿಲು ಬಂದು, ಒದ್ದೆ ಬಟ್ಟೆ ಹಿಡಿದುಕೊಂಡು ನಾವು ಪೆಚ್ಚಾಗಿ ನಿಂತಿರುತ್ತೇವೆ. ಆಗ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಇದೇ ಕಾಲದಲ್ಲಿ ಕಳ್ಳಲೆಯೂ ಬರುತ್ತದೆ. ದಕ್ಷಿಣದ ಕಡಲಿನಲ್ಲಿ, ನಮಗೆ ಕಾಣದಷ್ಟು ದೂರದಲ್ಲಿ ಎದ್ದ ಬಿರುಗಾಳಿ ಅಲ್ಲೇ ಸತ್ತಿರುತ್ತದೆ. ಅದು ಎಬ್ಬಿಸಿದ ಅಲೆ ಮಾತ್ರ ಸದ್ದಿಲ್ಲದೆ ನಮ್ಮಲ್ಲಿಗೆ ಬಂದು ಏಳುತ್ತದೆ. ಇಲ್ಲಿಯ ಗಾಳಿ ನೋಡಿ ಅದನ್ನು ಹೇಳಲಾಗುವುದಿಲ್ಲ. ನಿಮ್ಮ ಕಾಲದ ಹವಾಮಾನ ವರದಿಗಳ ಧ್ವನಿಮುದ್ರಣ ಕೆಲವು ಉಳಿದಿವೆ, ಶಾಲೆಯಲ್ಲಿ ಕೇಳಿಸುತ್ತಿದ್ದರು. 'ಲಘು ಗಾಳಿ, ಅಲ್ಲಲ್ಲಿ ತುಂತುರು ಮಳೆ' ಎಂದು ಓದಿದವರ ದನಿ ಎಷ್ಟು ನಿರಾಳವಾಗಿದೆ! ಆ ನಿರಾಳವೇ ನನ್ನನ್ನು ಉರಿಸುತ್ತದೆ.

ಹೋದ ವರ್ಷದ ಹನಿಗಾಲ ನಮಗೆ ಮೋಸ ಮಾಡಿತು. ಮಳೆಯ ಪರದೆಗಳು ಕಣ್ಣೆದುರೇ ಬಂದು, ಗಾಳಿಗೆ ವಾಲಿ, ದ್ವೀಪದ ಪಕ್ಕದಲ್ಲೇ ಕಡಲಿಗೆ ಸುರಿದು ಹೋದವು. ಕೊಳದ ತಳದ ಕೆಸರು ಕಾಣಿಸಿತು. ನನ್ನ ಮಗಳು ಸೋಮಿಗೆ ಆಗಷ್ಟೇ ಹೆರಿಗೆಯಾಗಿತ್ತು. ಕುಡಿಯಲು ನೀರಿಲ್ಲದೆ ಅವಳ ಎದೆಹಾಲು ಬತ್ತಿತು. ಕೂಸು ಅಳುವುದನ್ನೂ ನಿಲ್ಲಿಸಿತ್ತು. ನಾವು ಕಂಬಕ್ಕೆ ಕೆಂಪು ಬಟ್ಟೆ ಏರಿಸಿದೆವು. ಘಟ್ಟದ ಮೇಲಿಂದ ಕರಾವಳಿಯ ಆಡಳಿತ ನೋಡುವ ಮಂಡಳಿಯವರಿಗೆ ಅದು 'ನೀರು ಕಳಿಸಿ' ಎಂಬ ಗುರುತು.

ಹಡಗು ಬಂತು. ಅಲೆಗೆ ಹೆದರಿ ದೂರದಲ್ಲೇ ಲಂಗರು ಹಾಕಿತು. ನನ್ನ ತಂಗಿ ಹೊನ್ನಿ ದೋಣಿ ಇಳಿಸಿದಳು. ಅವಳಂತೆ ಹುಟ್ಟು ಹಾಕುವವರು ಈ ದ್ವೀಪದಲ್ಲಿ ಇರಲಿಲ್ಲ. ನಗುವುದರಲ್ಲೂ ಅವಳದೇ ಮೇಲುಗೈ. ಬಿಸಿಲಿತ್ತು, ತಣ್ಣನೆ ಗಾಳಿ ಇತ್ತು, ಆದರೆ ಬಂಡೆಯ ಬುಡದಲ್ಲಿ ನೀರು ಎದ್ದು ಬೀಳುವ ರೀತಿ ನನಗೆ ಸರಿಕಾಣಲಿಲ್ಲ.

"ಸಮುದ್ರ ಸಮ ಇಲ್ಲ ಹೊನ್ನೀ, ಸ್ವಲ್ಪ ತಡಿಯೇ," ಅಂದೆ.

"ಕೂಸು ತಡೀತದ್ಯಾ ಅಕ್ಕಾ?" ಅಂದಳು. "ನೀ ಹಗ್ಗ ಹಿಡ್ಕ, ನಾ ಹುಟ್ಟು ಹಾಕ್ತೆ. ಹೋಗಿ ಬಂದ್ಬಿಡ್ವ."

ನಾನೂ ದೋಣಿ ಹತ್ತಿದೆ. ಖಾಲಿ ಕ್ಯಾನುಗಳ ನಡುವೆ ಕೂತು ಹಡಗಿನ ಮಗ್ಗುಲಿಗೆ ಹೋದೆವು. ಮೇಲಿನಿಂದ ಬಗ್ಗಿ ನೋಡಿದವನು ಮಂಡಳಿಯ ಅಧಿಕಾರಿ, ವಿಭಾಕರ ಎಂದು ಹೆಸರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ.

"ನೀರು ಇದೆ," ಎಂದು ಕೂಗಿದ. "ಆದರೆ ಈ ಸಲ ಕೆಳಗೆ ಕೊಡುವುದಿಲ್ಲ. ದ್ವೀಪ ಖಾಲಿ ಮಾಡಲು ಒಪ್ಪಿದವರು ಮೇಲೆ ಹತ್ತಬಹುದು, ಹತ್ತಿದವರಿಗೆ ನೀರು. ತೀರ್ಮಾನವಾಗಿದೆ."

"ಬಾಣಂತಿ ಇದ್ದಾಳೆ ಸ್ವಾಮಿ," ಹೊನ್ನಿ ಎದ್ದು ನಿಂತು ಹೇಳಿದಳು. "ಈ ಅಲೇಲಿ ಅವಳ್ನ ದೋಣಿಗೆ ಹಾಕುಕಾತದ್ಯಾ? ಒಂದೇ ಕ್ಯಾನು ಕೊಡಿ. ಖಾಲಿ ಮಾಡೂ ಮಾತು ಆಮೇಲೆ ಆಡ್ವ."

"ಪ್ರತಿ ಸಲ ಆಮೇಲೆ ಅಂತಲೇ ಹೇಳುತ್ತೀರಿ. ಮೊದಲು ಒಪ್ಪಿಕೊಳ್ಳಿ."

"ಒಪ್ಪದಿದ್ರೆ ಕೂಸು ಸಾಯ್ಲಾ?"

ಕೆಳಗಿನಿಂದ ನೀರು ಉಬ್ಬಿತು. ಗಾಳಿ ಹೆಚ್ಚಿರಲಿಲ್ಲ, ಅಲೆಗೆ ನೊರೆ ಕೂಡ ಇರಲಿಲ್ಲ. ಕಡಲು ಉಸಿರೆಳೆದುಕೊಂಡಂತೆ ನಮ್ಮ ದೋಣಿ ಮೇಲೆದ್ದಿತು, ಪಕ್ಕಕ್ಕೆ ಜಾರಿತು. ನಿಂತಿದ್ದ ಹೊನ್ನಿ ಆಯ ತಪ್ಪಿ ದೋಣಿಗೂ ಹಡಗಿಗೂ ನಡುವೆ ಬಿದ್ದಳು. ನಾನು ಅವಳ ಸೆರಗು ಹಿಡಿದೆ. ಸೆರಗು ನನ್ನ ಕೈಯಲ್ಲೇ ಇತ್ತು. ಅಷ್ಟರಲ್ಲಿ ಎರಡನೆಯ ಅಲೆ ದೋಣಿಯನ್ನು ತಂದು ಹಡಗಿನ ಮೈಗೆ ಬಡಿಯಿತು.

ಹಡಗಿನವರು ಹಗ್ಗ ಇಳಿಸಿ ಇಬ್ಬರನ್ನೂ ಮೇಲೆ ಎಳೆದುಕೊಂಡರು. ಹೊನ್ನಿ ಉಸಿರಾಡುತ್ತಿರಲಿಲ್ಲ. ಅವಳನ್ನು ಹಡಗಿನ ಹಾಸುಹಲಗೆಯ ಮೇಲೆ ಮಲಗಿಸಿದರು. ಆಗ ಮಳೆ ಬಂತು. ನಾವು ವಾರಗಟ್ಟಲೆ ಕಾದ ಮಳೆ, ದ್ವೀಪವನ್ನು ಬಿಟ್ಟು ಹಡಗಿನ ಮೇಲೆ ಸುರಿಯಿತು. ನನ್ನ ತಂಗಿಯ ಮುಖ ತೊಳೆಯಿತು, ಅವಳ ಕೂದಲಿನಡಿಯಿಂದ ಹರಿಯಿತು, ಹಡಗಿನ ಅಂಚಿನ ತೂತುಗಳಿಂದ ಇಳಿದು ಉಪ್ಪುನೀರಿಗೆ ಸೇರಿತು. ಸಿಹಿನೀರು. ಯಾರೂ ಒಂದು ಬೋಗುಣಿಯನ್ನೂ ಒಡ್ಡಲಿಲ್ಲ. ಅವರಿಗೆ ಅದು ಬರೀ ಮಳೆ.

ವಿಭಾಕರ ನನ್ನ ಹತ್ತಿರ ಬಂದ. "ನಿಮ್ಮನ್ನು ಉಳಿಸಬೇಕೆಂದೇ ಈ ಷರತ್ತು ಹಾಕಿದ್ದು," ಎಂದ. ನಾನು ಅವನ ಕೆನ್ನೆಗೆ ಹೊಡೆದೆ. ಅವನು ಕೈ ಅಡ್ಡ ಹಿಡಿಯಲೂ ಇಲ್ಲ.

ಆ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವಳು ಚೆನ್ನವ್ವ, ಬಯಲುಸೀಮೆಯ ಹೆಂಗಸು. ಅವಳು ಯಾರನ್ನೂ ಕೇಳದೆ ನೀರಿನ ಪೀಪಾಯಿಯೊಂದನ್ನು ಉರುಳಿಸಿಕೊಂಡು ಬಂದು ಹಗ್ಗ ಕಟ್ಟತೊಡಗಿದಳು. ಅಧಿಕಾರಿ ಬೇಡವೆಂದಾಗ ತಲೆಯೆತ್ತದೆ ಹೇಳಿದಳು: "ನೀರ್ ನಾ ಕೊಡ್ತೇನ್ರೀ. ಬ್ಯಾಡಂದ್ರ ನನ್ನೂ ಇಲ್ಲೇ ಇಳಿಸಿ ಹೋಗ್ರಿ." ನಾವಿಕರು ಒಬ್ಬೊಬ್ಬರಾಗಿ ಅವಳ ಜೊತೆ ಸೇರಿದರು. ಅಲೆ ಇಳಿದ ಮೇಲೆ ಪೀಪಾಯಿಗಳು ದ್ವೀಪ ಮುಟ್ಟಿದವು, ಅವುಗಳ ಜೊತೆಗೆ ಹೊನ್ನಿ. ಸೋಮಿ ನೀರು ಕುಡಿದಳು, ಮಾರನೆಯ ದಿನ ಅವಳಿಗೆ ಹಾಲು ಬಂತು. ಹೊನ್ನಿಯನ್ನು ಗುಡ್ಡದ ನೆತ್ತಿಯಲ್ಲಿ ಮಣ್ಣು ಮಾಡಿದೆವು.

ಬೇಸಿಗೆಯಲ್ಲಿ ಕಡಲು ಮಲಗಿದಾಗ ಹಡಗು ಮತ್ತೆ ಬಂತು. ಸೋಮಿ ಕೂಸನ್ನು ಕಟ್ಟಿಕೊಂಡು ಘಟ್ಟಕ್ಕೆ ಹೋದಳು. ನನ್ನನ್ನೂ ಕರೆದಳು, ಅತ್ತಳು. ಅವಳು ಹೋದದ್ದು ಸರಿ. ನಾನು ಉಳಿದದ್ದೂ ಸರಿ. ತಾನಾಗಿ ಹೋಗುವವರನ್ನು ನಾನು ಯಾವತ್ತೂ ತಡೆದಿಲ್ಲ. ಬಾಯಾರಿಕೆಯನ್ನು ಹಗ್ಗ ಮಾಡಿಕೊಂಡು ನನ್ನನ್ನು ಎಳೆಯಲು ಮಾತ್ರ ಬಿಡುವುದಿಲ್ಲ.

ಈ ಒಂದು ವರ್ಷ ವಿಭಾಕರನನ್ನು ದ್ವೇಷಿಸುತ್ತಾ ಕಳೆದೆ. ಈಗಲೂ ಅವನನ್ನು ಕ್ಷಮಿಸಿಲ್ಲ. ಆದರೆ ಅವನು ಆ ಮಾತನ್ನು ಕಲಿತದ್ದು ಎಲ್ಲಿಂದ? ಕಷ್ಟಕ್ಕೆ ಸಿಕ್ಕವರನ್ನು ಮೊದಲು ಒಪ್ಪಿಸು, ಆಮೇಲೆ ಬದುಕಿಸು ಎಂಬ ಲೆಕ್ಕಾಚಾರ ಅವನು ಹುಟ್ಟುಹಾಕಿದ್ದಲ್ಲ. ಅಳಿವೆಯ ಉಪ್ಪುನೀರಿನಲ್ಲಿ ಬೆಳೆದು ಅಲೆ ತಡೆಯುತ್ತಿದ್ದ ಕಾಂಡ್ಲಾ ಕಾಡನ್ನು ಕಡಿದವರು ನೀವು. ದಿಬ್ಬದ ಮರಳನ್ನು ಲಾರಿಗೆ ತುಂಬಿದವರು ನೀವು. ಕಡಲು ಬಿಸಿಯಾಗುತ್ತಿದೆ ಎಂದು ಗೊತ್ತಿದ್ದೂ ಬರೀ ಸಭೆ ನಡೆಸಿ, ಊಟ ಮಾಡಿ, ಮನೆಗೆ ಹೋದವರು ನೀವು. ಆಮೇಲೆ ಮುಳುಗುವ ಕಡೆ ಇದ್ದವರನ್ನು ನೋಡಿ 'ಅಲ್ಲಿ ಯಾಕೆ ಇದ್ದಾರೆ' ಎಂದು ಕೇಳಿದವರೂ ನೀವೇ.

ನಮ್ಮನ್ನು ಉಳಿಸಿ ಎಂದು ನಾನು ಕೇಳುತ್ತಿಲ್ಲ. ಪಶ್ಚಾತ್ತಾಪವೂ ನನಗೆ ಬೇಡ, ಅದನ್ನು ಕುಡಿಯಲಾಗುವುದಿಲ್ಲ. ಕೇಳುವುದು ಇಷ್ಟೇ. ಬಾವಿಗೆ ಉಪ್ಪು ಬಂದ ದ್ವೀಪಗಳು ನಿಮ್ಮ ಕಾಲದಲ್ಲೂ ಇವೆ. ಅಲ್ಲಿಯೂ ಕಾರ್ತಿಕದ ಗಾಳಿ ಬೀಸುತ್ತದೆ, ಮಳೆ ಬಂದು ಹೋಗುತ್ತದೆ, ಯಾರೋ ಬಟ್ಟೆ ಬಿಡಿಸಿಕೊಂಡು ನಿಂತಿರುತ್ತಾರೆ. ಅವರು ಒಂದು ದಿನ ನಿಮ್ಮಲ್ಲಿ ನೀರು ಕೇಳುತ್ತಾರೆ. ಕೇಳಿದಾಗ ಅವರು ಯಾರು, ಎಲ್ಲಿಗೆ ಹೋಗಲು ಒಪ್ಪುತ್ತಾರೆ, ಏನಕ್ಕೆ ಸಹಿ ಹಾಕುತ್ತಾರೆ ಎಂದು ವಿಚಾರಿಸಬೇಡಿ.

ಮೊದಲು ನೀರು ಕೊಡಿ.

ಕಮಲಿ ಅಂಬಿಗ