ಮರದ ಹತ್ತಿರ ದಾರಿ ಕೇಳದ ವೈದ್ಯ

ಸೆಪ್ಟೆಂಬರ್ 3, ಬೆಳಿಗ್ಗೆ

ಬರೆಯಬೇಕಂತೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಎಪ್ಪತ್ತರ ಹತ್ತಿರ ಬಂದಾಗ ಈ ಶಿಕ್ಷೆ. ಎಲ್ಲ ಆರೋಗ್ಯ ಕೇಂದ್ರದ ಡಾಕ್ಟರಮ್ಮನ ಕಿತಾಪತಿ. ಬಿಪಿ ಏರಿದೆಯಂತೆ. "ಲೋಲೊ, ಕೋಪ ಬಂದಾಗ ಕಿರುಚಬೇಡಿ, ಬರೀರಿ" ಎಂದಳು. ಇಲ್ಲಿ ಅಜ್ಜಂದಿರೆಲ್ಲ ಎಲ್ಲರಿಗೂ ಲೋಲೊ. ಬರೆದರೆ ಯಾರು ಓದುತ್ತಾರೆ ಎಂದೆ. "ಯಾರೂ ಓದಲ್ಲ. ನಾನೂ ಓದಲ್ಲ." ಮತ್ತೆ ಬರೆಯುವುದು ಯಾಕೆ ಎಂದು ಕೇಳಿದ್ದಕ್ಕೆ ಮಾತ್ರೆ ಒಂದು ಹೆಚ್ಚಾಯಿತು.

ಕೋಪ ಬರುವುದು ಆಟ ಆಡುವಾಗ. ಹಾಗಾದರೆ ಆಟದ ಬಗ್ಗೆಯೇ ಬರೆಯುತ್ತೇನೆ. ಡಾಕ್ಟರಮ್ಮ ಅನುಭವಿಸಲಿ.

ಸೆಪ್ಟೆಂಬರ್ 5

ಮಗಳು ಝೆನಿಯ ಕಂಪ್ಯೂಟರ್ ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ. ಐದು ಮೆಷಿನು, ಒಂದೊಂದಕ್ಕೂ ಕಾಸಿನ ಡಬ್ಬಿ. ಪೆಸೊ ಹಾಕಿದರೆ ಪರದೆ ಬೆಳಗುತ್ತದೆ. ಮೂಲೆಯದು ನನ್ನದು. ಅದರ ಡಬ್ಬಿಯ ಬೀಗ ಮುರಿದಿದೆ, ಹಾಕಿದ ಕಾಸನ್ನೇ ತೆಗೆದು ಮತ್ತೆ ಹಾಕುತ್ತೇನೆ.

ಇವತ್ತು ಐದೈದು ಜನರ ಯುದ್ಧದ ಆಟ. ಅಂಗಡಿಯ ಹುಡುಗರಿಗೆ ಅದೇ ಊಟ, ಅದೇ ನಿದ್ದೆ. ಒಬ್ಬ ಕಡಿಮೆ ಬಿದ್ದ ಎಂದು ನನ್ನನ್ನು ಕೂರಿಸಿದರು. ಎದುರಾಳಿ ಯಾರೆಂದು ತಿಳಿಯುವ ಮೊದಲೇ ನಮ್ಮವರೇ ನನ್ನ ತಾಯಿಗೆ ಬೈದರು. ಅವಳು ಸತ್ತು ಎಷ್ಟು ವರ್ಷವಾಯಿತು, ಪಾಪ. "ಲೋಲೊ, ಆ ಪೊದೇಲಿ ನಿಂತ್ಕೊಳ್ಳಿ. ಏನೂ ಮಾಡ್ಬೇಡಿ" ಎಂದ ಒಬ್ಬ. ಪೊದೆ ಕಾಯಲು ಕಂಪ್ಯೂಟರ್ ಯಾಕೆ? ಗೆದ್ದೆವು. ಯಾರೂ ನಗಲಿಲ್ಲ, ಬೈಗುಳ ಇನ್ನೂ ಜೋರಾಯಿತು. ದರಿದ್ರ ಆಟ.

ಬಸ್ಸಿನ ಆಟವೂ ದರಿದ್ರವೇ. ಲುಸೇನಾದಿಂದ ಮನಿಲಾಕ್ಕೆ ಬಸ್ಸು ಓಡಿಸಿ ಓಡಿಸಿ ಮಂಡಿ ಕಳೆದುಕೊಂಡವನು ನಾನು. ಆ ಆಟದ ಬಸ್ಸಿನಲ್ಲಿ ಯಾರೂ ವಾಂತಿ ಮಾಡುವುದಿಲ್ಲ. ಹುಂಜ ಹಿಡಿದು ಹತ್ತುವುದಿಲ್ಲ. ಕೆಂಪು ದೀಪಕ್ಕೆ ಎಲ್ಲರೂ ನಿಲ್ಲುತ್ತಾರೆ. ಇದನ್ನು ಮಾಡಿದವನು ಜನ್ಮದಲ್ಲಿ ಬಸ್ಸು ಹತ್ತಿಲ್ಲ.

ಝೆನಿಯದು ತೋಟದ ಆಟ. ನೀರು ಮರೆತರೂ ಕುಂಬಳ ಕಾಯಿ ಬಿಡುತ್ತದೆ. ಹುಳ ಇಲ್ಲ, ದಲ್ಲಾಳಿ ಇಲ್ಲ. ನಾನು ಹುಟ್ಟಿದ್ದು ತೆಂಗಿನ ತೋಟದ ಕೂಲಿ ಗುಡಿಸಿಲಲ್ಲಿ. ಆ ಆಟ ನೋಡಿದರೆ ಮೈ ಉರಿಯುತ್ತದೆ.

ಇರುವುದು ಒಂದೇ ಸರಿಯಾದ ಆಟ — ಏಳು ಗೋಪುರ. ಹಳೆಯದು. ಚಿತ್ರ ಒರಟು, ಮುಖಗಳಿಗೆ ಮೂಗಿಲ್ಲ. ಹುಡುಗರು ನಗುತ್ತಾರೆ. ಆದರೆ ಅದರಲ್ಲಿ ಒಬ್ಬನೇ ಹೋದರೆ ಸತ್ತ. ನಾನು ಗುರಾಣಿಯವನು — ಮುಂದೆ ನಿಂತು ಹೊಡೆತ ತಿನ್ನುವುದು ಕೆಲಸ. ಬೆನ್ನ ಹಿಂದೆ ವೈದ್ಯ ಇರಬೇಕು, ರಕ್ತ ಇಳಿದಾಗ ಮದ್ದು ಹಾಕಲು. ನನ್ನ ವೈದ್ಯ ತೆಬಾನ್.

ಸೆಪ್ಟೆಂಬರ್ 8, ಸಂಜೆ

ತೆಬಾನ್ ದಕ್ಷಿಣದವನು, ಜನರಲ್ ಸ್ಯಾಂಟೋಸ್ ಕಡೆ. ಸಣ್ಣ ದೋಣಿ, ಕೈದಾರ ಬಿಟ್ಟು ಟ್ಯೂನಾ ಮೀನು ಹಿಡಿಯುವ ಕಸುಬು. ಮುಖ ನೋಡಿಲ್ಲ, ದನಿ ಕೇಳಿಲ್ಲ. ದಡದಲ್ಲಿರುವ ಸಂಜೆಯೆಲ್ಲ ಆಟದಲ್ಲಿ ಸಿಗುತ್ತಾನೆ. ನನ್ನನ್ನು ಕುಯಾ, ಅಣ್ಣ, ಎನ್ನುತ್ತಾನೆ. ನಾನು ಬೈಯುತ್ತೇನೆ, ಅವನು ನಗುವ ಮುಖ ಕಳಿಸುತ್ತಾನೆ. ಹೆಂಡತಿ ಸತ್ತ ಮೇಲೆ ನಾನು ದಿನಾ ಮಾತಾಡಿದವನೆಂದರೆ ಅವನೇ. ಝೆನಿಗೆ ಇದನ್ನು ಹೇಳುವುದಿಲ್ಲ.

ನಾಲ್ಕನೇ ಗೋಪುರದ ದಾರಿಯಲ್ಲಿ ಒಂದು ದೊಡ್ಡ ಮರ ಇದೆ. ಬರೀ ಚಿತ್ರ. ಆದರೆ ತೆಬಾನ್ ಅದರ ಮುಂದೆ ನಿಂತು ಬರೆಯದೆ ಮುಂದೆ ಹೆಜ್ಜೆ ಇಡುತ್ತಿರಲಿಲ್ಲ — ತಾಬಿ ತಾಬಿ ಪೊ. ಸ್ವಲ್ಪ ಸರಿಯಿರಿ ಸ್ವಾಮಿ, ದಾಟಿಕೊಳ್ಳುತ್ತೇವೆ. ಹುತ್ತದ ಹತ್ತಿರ, ಹಳೇ ಮರದ ಹತ್ತಿರ ನಮ್ಮ ಅಜ್ಜಿಯಂದಿರು ಹೇಳುತ್ತಿದ್ದ ಮಾತು. ಕಾಣದವರಿಗೆ ಕೇಳಿಸಲಿ ಎಂದು. ಕಂಪ್ಯೂಟರಿನೊಳಗೆ ಯಾವ ದೆವ್ವವಯ್ಯಾ ಎಂದು ಒಮ್ಮೆ ಕೇಳಿದ್ದೆ. "ಇಲ್ಲ ಅಂತ ನಿನಗೆ ಯಾರು ಹೇಳಿದ್ದು ಕುಯಾ?" ಎಂದು ಬರೆದ.

ಆಗಸ್ಟಿನಲ್ಲಿ ಬಹಳ ದಿನ ಬರಲಿಲ್ಲ. ವಾಪಸ್ ಬಂದವನು "ನೆಟ್ ಇರಲಿಲ್ಲ" ಎಂದಷ್ಟೇ ಬರೆದ. ಅಂದಿನಿಂದ ಮದ್ದು ತಡ. ಇವತ್ತು ನಾನು ಬಿದ್ದು ಹೆಣವಾದ ಮೇಲೆ ಮದ್ದು ಬಂತು.

ಸೆಪ್ಟೆಂಬರ್ 12

ಮತ್ತೆ ಸತ್ತೆ. ಮತ್ತೆ. ಜೊತೆಗಿರುವ ರೊವೆನಾ — ರಿಯಾದಿನಲ್ಲಿ ಮನೆಗೆಲಸದವಳು, ಬಿಲ್ಲು ಹಿಡಿಯುವವಳು — ಅವಳೂ ಸತ್ತಳು. ಎಲ್ಲರೆದುರು ತೆಬಾನನಿಗೆ ಬರೆದೆ: ಕೈ ಎಲ್ಲಿಟ್ಟುಕೊಂಡು ಕೂತಿದ್ದೀಯ, ಹೆಂಡತಿಯ ಸೊಂಟದ ಮೇಲೋ?  ಈ ಸಲ ನಗುವ ಮುಖ ಬರಲಿಲ್ಲ.

ಸೆಪ್ಟೆಂಬರ್ 19, ಸಂಜೆ 7

ತೆಬಾನ್ ಇವತ್ತೂ ಮರದ ಹತ್ತಿರ ನಿಲ್ಲಲಿಲ್ಲ. ಆಗಸ್ಟಿನ ನಂತರ ಒಂದು ದಿನವೂ ನಿಂತಿಲ್ಲ. ಮೊದಲು ಮರೆತ ಎಂದುಕೊಂಡೆ. ಮೀನಿನವನು ಅದನ್ನು ಮರೆಯುತ್ತಾನಾ?

ರೊವೆನಾ ಬೇರೆಯಾಗಿ ಬರೆದಳು: "ಲೋಲೊ, ಇದು ಅವರಲ್ಲ. ಪೈಲಟ್ ಇರ್ಬೇಕು." ಪೈಲಟ್ ಎಂದರೆ ಒಬ್ಬನ ಖಾತೆ, ಇನ್ನೊಬ್ಬನ ಕೈ. ಕೆಲವರು ಬಾಡಿಗೆಗೆ ಆಡಿಸುತ್ತಾರೆ. ಕೆಲವರದು ಕಳುವಾಗಿರುತ್ತದೆ.

ಪರೀಕ್ಷೆ ಮಾಡಿದೆ. ನನ್ನ ಸತ್ತ ಹೆಂಡತಿಯ ಹೆಸರೇನು ಹೇಳು ಎಂದೆ. ಅವಳ ಹೆಸರು ತೆಬಾನನಿಗೆ ಚೆನ್ನಾಗಿ ಗೊತ್ತು, ಅವಳ ತಿಥಿಯ ದಿನ ಮೇಣದಬತ್ತಿ ಹಚ್ಚುತ್ತಿದ್ದ. ಬಹಳ ಹೊತ್ತು ಬಿಟ್ಟು ಬಂತು — "ಆಡೋಣ ಕುಯಾ."

ಯಾವನೋ ಕಳ್ಳ. ತೆಬಾನನ ಬಟ್ಟೆ ಹಾಕಿಕೊಂಡು ನನ್ನ ಬೆನ್ನ ಹಿಂದೆ ನಿಂತಿದ್ದಾನೆ.

ಸೆಪ್ಟೆಂಬರ್ 27

ಆಟದ ಕಚೇರಿಗೆ ದೂರು ಕೊಟ್ಟೆ. ಝೆನಿ ಟೈಪ್ ಮಾಡಿದಳು. "ಅಪ್ಪಾ, ಮೊದ್ಲು ಆ ಮನುಷ್ಯನ್ನ ಕೇಳ್ಬಾರ್ದಾ?" ಕೇಳಿಯಾಗಿದೆ ಎಂದೆ. "ಬೈದಿದ್ದೀಯ. ಕೇಳಿಲ್ಲ." ಟೈಪ್ ಮಾಡು ಎಂದೆ.

ಸೆಪ್ಟೆಂಬರ್ 29

ಖಾತೆ ಮುಚ್ಚಿದರು. ಶಾಶ್ವತವಾಗಿ ಎಂದು ಕೆಂಪು ಅಕ್ಷರದಲ್ಲಿದೆ. ಚೆನ್ನಾಗಾಯಿತು. ಒಣಮೀನು ಹಾಕಿಕೊಂಡು ಎರಡು ತಟ್ಟೆ ಅನ್ನ ತಿಂದೆ.

ಅಕ್ಟೋಬರ್ 6, ಮಧ್ಯಾಹ್ನ

ಝೆನಿ ಫೋನು ಕೈಗಿಟ್ಟಳು. "ಅಪ್ಪಾ, ಯಾರೋ ಹೆಂಗಸು. ನಿನ್ನೇ ಬೇಕಂತೆ. ಈ ವಯಸ್ಸಲ್ಲಿ ಏನ್ ಮಾಡ್ಕೊಂಡಿದ್ದೀಯ?" ಹುಡುಗರು ನಕ್ಕರು.

"ಕುಯಾ ನಾಟೊ? ನಾನು ಮೆಲ್ಚೋರಾ. ತೆಬಾನ್ ಹೆಂಡ್ತಿ. ರೊವೆನಾ ನಂಬರ್ ಕೊಟ್ಲು."

"ಅವನ ಖಾತೆ ಕದ್ದವನನ್ನ ನಾನೇ ಹಿಡಿಸಿದೀನಿ ತಂಗಿ. ಹೇಳು ಅವನಿಗೆ."

ಆ ಕಡೆ ಕೋಳಿ ಕೂಗಿತು, ಹುಶ್ ಎಂದು ಓಡಿಸಿದಳು.

"ಕದ್ದವಳು ನಾನೇ ಕುಯಾ."

ಆಗಸ್ಟಿನಲ್ಲಿ ತೆಬಾನ್ ದೋಣಿಯಿಂದ ಇಳಿಯುವಾಗ ಲಕ್ವ ಹೊಡೆದು ಬಿದ್ದನಂತೆ. ಬಲಗಡೆ ಪೂರ್ತಿ ಹೋಯಿತು. ಒಂದಷ್ಟು ದಿನ ತೊದಲು ಮಾತಿತ್ತು. ಮತ್ತೊಮ್ಮೆ ಹೊಡೆಯಿತು, ಮಾತೂ ಹೋಯಿತು, ಎಡಗೈಯೂ. ಈಗ ಅಲುಗುವುದು ಕಣ್ಣು ಮತ್ತು ಅರ್ಧ ಬಾಯಿ ಮಾತ್ರ.

"ನನಗ್ಯಾಕೆ ಹೇಳ್ಲಿಲ್ಲ?"

"ಬೇಡ ಅಂದ್ರು. ತೊದಲು ಮಾತಲ್ಲಿ ನೆಟ್ಟಗೆ ಹೇಳಿದ್ದು ಎರಡೇ. ಊಟಕ್ಕೆ ಮೂಗಿಗೆ ನಳಿಕೆ ಹಾಕಿಸ್ಬೇಡ ಅಂತ. ಕುಯಾಗೆ ಹೇಳ್ಬೇಡ ಅಂತ. ಗೊತ್ತಾದ್ರೆ ಬೈಯೋದು ಬಿಟ್ಬಿಡ್ತಾನೆ ಅಂದ್ರು. ನೀವು ಬೈದಾಗ ನಗೋರು ಕುಯಾ. ಅರ್ಧ ಬಾಯಲ್ಲಿ. ಆ ಸೊಂಟದ ಮಾತಿಗಂತೂ ಗಂಜಿಯೆಲ್ಲ ಉಗುಳಿದ್ರು."

"ಮತ್ತೆ ಮದ್ದು ಯಾಕೆ ಅಷ್ಟು ತಡ?" ಕೇಳಬಾರದಿತ್ತು. ಬಾಯಿಗೆ ಬಂತು.

"ಒಂದು ಕೈಲಿ ಚಮಚ ಅಲ್ವಾ. ಆಟ ಓಡ್ತಿದ್ರೇನೇ ಬಾಯಿ ತೆರೆಯೋರು. ನಿಮಗೆ ಏಟು ಬಿದ್ರೆ ಕಣ್ಣು ಎರಡು ಸಲ ಮುಚ್ಚೋರು, ಆಗ ನಾನು ಮದ್ದಿನ ಗುಂಡಿ ಒತ್ತೋದು. ಚಮಚ ಇಟ್ಟು ಒತ್ತೋ ಹೊತ್ತಿಗೆ ನೀವು ಬಿದ್ದಿರ್ತಿದ್ರಿ." ಮೂಗು ಏರಿಸಿಕೊಂಡ ಸದ್ದು ಬಂತು. "ಖಾತೆ ಮುಚ್ಚಿದಾಗಿಂದ ಗೋಡೆ ಕಡೆ ನೋಡ್ತಾರೆ. ತುಟಿಗೆ ಸವರಿದ ಗಂಜಿ ಒಳಗೆ ಹೋದ್ರೆ ಹೋಯ್ತು. ನೀವು ಕಚೇರಿಯವರಿಗೆ ಹೇಳಿ ಕುಯಾ. ದೂರು ಕೊಟ್ಟವರು ನೀವೇ ಅಲ್ವಾ."

ಹೇಳುತ್ತೇನೆ ಎಂದೆ. ಮರದ ವಿಷಯ ಕೇಳಿದೆ, ಅಲ್ಲಿ ಅವನು ಏನೂ ಮಾಡುತ್ತಿರಲಿಲ್ಲವೇ ಎಂದು.

"ಮರದ ಹತ್ರ ಗಂಟಲಲ್ಲಿ ಗೊರ್ ಗೊರ್ ಅನ್ನೋರು. ಕಫ ಅಂತ ಬಗ್ಗಿಸಿ ಬೆನ್ನು ತಟ್ತಿದ್ದೆ. ದಿನಾ."

ಅದು ಕಫವಲ್ಲ, ದಾರಿ ಕೇಳುವ ಮಾತು ಎಂದೆ. ಅವಳು ಫೋನು ಇಟ್ಟಳು.

ಅಕ್ಟೋಬರ್ 7

ಬಿಪಿ ನೋಡಿಸಲು ಹೋಗಲಿಲ್ಲ.

ಅಕ್ಟೋಬರ್ 9

ಕಚೇರಿಗೆ ಬರೆಸಿದೆ. ದೂರು ತಪ್ಪು, ವಾಪಸ್ ತೆಗೆದುಕೊಳ್ಳುತ್ತೇನೆ ಎಂದು. ಕೂಡಲೇ ಉತ್ತರ — ಆತ್ಮೀಯ ಆಟಗಾರರೇ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ. ಕೆಳಗೆ ಹೂವಿನ ಚಿತ್ರ. ಮನುಷ್ಯ ಬರೆದದ್ದಲ್ಲ. ಝೆನಿ ಮತ್ತೆ ಬರೆದಳು. ಮತ್ತೆ ಹೂವು.

ಅಕ್ಟೋಬರ್ 14

ಕೊನೆಗೆ ಯಾರೋ ಹೆಸರಿಲ್ಲದವನು ಬರೆದ. ಖಾತೆಯ ಮಾಲೀಕ ಗುರುತಿನ ಚೀಟಿಯನ್ನು ತನ್ನ ಕೈಯಲ್ಲೇ ಮುಖದ ಪಕ್ಕ ಹಿಡಿದ ಫೋಟೋ ಕಳಿಸಬೇಕು. ಮೆಲ್ಚೋರಾ ಚೀಟಿ ಹಿಡಿದಳು, ಪಕ್ಕದ ಮನೆಯವರು ಫೋಟೋ ತೆಗೆದರು. ತಿರಸ್ಕಾರ. ಚಿತ್ರದಲ್ಲಿ ಬೇರೆಯವರ ಕೈ ಇದೆಯಂತೆ.

ಬೆರಳ ನಡುವೆ ಚೀಟಿ ಸಿಕ್ಕಿಸಿ, ಮುಂಗೈಗೆ ದಿಂಬು ಕೊಟ್ಟು ಮತ್ತೆ ತೆಗೆಸಿದಳು. ತಿರಸ್ಕಾರ. ಕಣ್ಣು ಕ್ಯಾಮೆರಾ ನೋಡುತ್ತಿಲ್ಲವಂತೆ.

ಝೆನಿಯ ಅಂಗಡಿಯ ಕುರ್ಚಿ ಒಂದು ಮುರಿದೆ. ಡಾಕ್ಟರಮ್ಮ ಬರೆಯಿರಿ ಎಂದಿದ್ದಾಳೆ. ಬರೆದಿದ್ದೇನೆ.

ಅಕ್ಟೋಬರ್ 17

ಹುಡುಗರು ಹೇಳಿದರು, "ಹೊಸ ಖಾತೆ ಮಾಡಿ ಲೋಲೊ, ಅದಕ್ಕೇನಂತೆ?" ಮಾಡಿಸಿದೆ. ಹೊಸ ವೈದ್ಯ, ಅದೇ ಹೆಸರು, ಮೈಮೇಲೆ ಚಿಂದಿ, ಕೈಯಲ್ಲಿ ಕಡ್ಡಿ. ಮೊದಲನೇ ಗೋಪುರದ ಇಲಿ ಕಚ್ಚಿದರೂ ಸಾಯುತ್ತಾನೆ. ಮೆಲ್ಚೋರಾ ತೋರಿಸಿದಾಗ ತೆಬಾನ್ ಒಮ್ಮೆ ನೋಡಿ ಕಣ್ಣು ಮುಚ್ಚಿದನಂತೆ.

ಮೀನು ಹಿಡಿಯುವ ಆಟ ಹಾಕಿ ತೋರಿಸು ಎಂದು ಅವಳಿಗೆ ಹೇಳಿದೆ. ತೆಬಾನನಿಗೆ ಆ ಆಟದ ಮೇಲೆ ಇದ್ದ ಅಭಿಪ್ರಾಯ ಮರೆತೇಬಿಟ್ಟಿದ್ದೆ. ಒಮ್ಮೆ ಬರೆದಿದ್ದ: "ದಾರ ಬಿಟ್ಟಾಗಲೆಲ್ಲ ಮೀನು ಬಂದ್ರೆ ಅದು ಮೀನುಗಾರಿಕೆ ಅಲ್ಲ ಕುಯಾ, ಮಾರ್ಕೆಟ್ಟು." ಅದನ್ನೂ ನೋಡಲಿಲ್ಲ.

ಅಕ್ಟೋಬರ್ 20, ಸಂಜೆ

ಫೋನಿನಲ್ಲಿ ತೆಬಾನನ ಮುಖ ನೋಡಿದೆ. ಮೊದಲ ಸಲ. ನಾನಂದುಕೊಂಡಿದ್ದಕ್ಕಿಂತ ಕಪ್ಪು, ಸಣ್ಣ ಆಳು. ಕಿವಿ ದೊಡ್ಡವು. "ಏನಯ್ಯಾ ಸೋಮಾರಿ" ಎಂದೆ. ಬಾಯಿಯ ಎಡತುದಿ ಅಲುಗಿತು.

ಫೋನನ್ನು ನನ್ನ ಪರದೆಗೆ ಹಿಡಿದು ಝೆನಿ ನಿಂತಳು. ನಾಲ್ಕನೇ ಗೋಪುರದ ದಾರಿ. ಮರದ ಮುಂದೆ ನಿಂತೆ. ಬರೆದೆ — ತಾಬಿ ತಾಬಿ ಪೊ. ಆ ಕಡೆಯಿಂದ ಗೊರ್ ಎಂಬ ಸದ್ದು. ಮೆಲ್ಚೋರಾ ಈ ಸಲ ಬೆನ್ನು ತಟ್ಟಲಿಲ್ಲ.

ಮೂರು ಚಮಚ ನುಂಗಿದ.

ಆಮೇಲೆ ಗೋಪುರದೊಳಗೆ ಹೋದೆ. ವೈದ್ಯನಿಲ್ಲ. ಏಟು ಬಿತ್ತು. ತೆಬಾನನ ಕಣ್ಣು ಎರಡು ಸಲ ಮುಚ್ಚಿತು. ಮತ್ತೆ ಎರಡು ಸಲ. ಒತ್ತುವವರು ಯಾರು? ಅವನು ಕಣ್ಣು ಮುಚ್ಚಿ ತೆರೆಯುತ್ತಲೇ ಇದ್ದ, ನಾನು ಬಿದ್ದೆ. ಅವನಿಗೆ ಮುಖ ಗೋಡೆಗೆ ತಿರುಗಿಸುವ ಶಕ್ತಿಯಿಲ್ಲ, ಕಣ್ಣು ಮಾತ್ರ ಹೋಯಿತು. ಚಮಚ ಹಾಗೇ ಉಳಿಯಿತು.

ನಾನು ಆಡುವುದನ್ನು ನೋಡಿ ಅವನಿಗೆ ಏನಾಗಬೇಕು. ನನ್ನನ್ನು ಬದುಕಿಸಬೇಕಿತ್ತು ಅವನಿಗೆ.

ಮತ್ತೆ ಹಾಗೆ ಮಾಡಲಿಲ್ಲ.

ಅಕ್ಟೋಬರ್ 26

ಬಿರುಗಾಳಿ. ಕರೆಂಟಿಲ್ಲ. ನೀರು ಕಾಸಿನ ಡಬ್ಬಿಗಳವರೆಗೆ ಬಂದು ಇಳಿಯಿತು. ಕರೆಂಟ್ ಇದ್ದರೂ ಆಡುವುದೇನಿತ್ತು.

ನವೆಂಬರ್ 1

ಸತ್ತವರ ಹಬ್ಬ, ಎಲ್ಲರೂ ಗೋರಿಗಳ ಹತ್ತಿರ. ಹೆಂಡತಿಯ ಗೋರಿ ತೊಳೆದು ಮೇಣದಬತ್ತಿ ಹಚ್ಚಿದೆವು. ಪಕ್ಕದ ಗೋರಿಯವರು ಅಲ್ಲೇ ಇಸ್ಪೀಟು ಆಡುತ್ತಿದ್ದರು, ಸತ್ತವನಿಗೂ ಎಲೆ ಹಂಚಿ. ಒಳ್ಳೆಯ ಆಟ ಅದು. ಅದರಲ್ಲಿ ಯಾವ ಕಚೇರಿಯೂ ಇಲ್ಲ.

ಅಲ್ಲಿದ್ದಾಗಲೇ ಫೋನಿನಲ್ಲಿ ಮೆಲ್ಚೋರಾಳ ದನಿ ಬಂತು. "ಕುಯಾ, ಡಾಕ್ಟ್ರು ಒಂಬತ್ತನೇ ತಾರೀಖು ಬರ್ತಾರೆ. ಅಷ್ಟರಲ್ಲಿ ತಾವಾಗೇ ನುಂಗದಿದ್ರೆ ನಳಿಕೆ ಹಾಕ್ತೀವಿ, ಇಲ್ಲಾಂದ್ರೆ ಮನೇಲೇ ಬಿಟ್ಬಿಡಿ ಅಂತಾರೆ. ಬೇಡ ಅಂದಿದ್ರು ಅವರು. ನಾನೇನು ಮಾಡ್ಲಿ?"

ನನ್ನನ್ನು ಕೇಳುತ್ತಾಳೆ.

ನವೆಂಬರ್ 4, ಬೆಳಿಗ್ಗೆ

ಝೆನಿ ಬರೆದರೆ ಮೃದು ಮಾಡುತ್ತಾಳೆ. ಈ ಸಲ ನಾನೇ ಇಲ್ಲಿ ಬರೆದು ಕೊಡುತ್ತೇನೆ, ಇದ್ದದ್ದು ಇದ್ದ ಹಾಗೆ ಟೈಪ್ ಮಾಡಬೇಕು.

ಆಟದ ಕಚೇರಿಯವರಿಗೆ. ನಾನು ಫಾರ್ಚುನಾಟೊ, ಗುರಾಣಿಯವನು. ನಿಮ್ಮ ಆಟದ ಬಗ್ಗೆ ನನ್ನ ಅಭಿಪ್ರಾಯ ಅಮೂಲ್ಯ ಎಂದಿರಿ. ಕೇಳಿ. ಆರನೇ ಗೋಪುರ ವಿಪರೀತ ಉದ್ದ. ಅಂಗಡಿಯ ಮುದುಕಿ ಮೋಸಗಾತಿ. ಉಳಿದದ್ದೆಲ್ಲ ಸರಿಯಿದೆ, ಇದಕ್ಕಿಂತ ಒಳ್ಳೆಯ ಆಟ ನಾನು ಕಂಡಿಲ್ಲ. ತೆಬಾನನ ಖಾತೆಯನ್ನು ಇನ್ನೊಬ್ಬರ ಕೈ ಆಡಿಸಿತು, ನಿಜ. ಆಡಿದವನು ಅವನೇ. ನಾನು ಒಂದು ಸುಳ್ಳು ದೂರು ಕೊಟ್ಟಾಗ ಎರಡೇ ದಿನದಲ್ಲಿ ಕೇಳಿದಿರಿ. ಈಗ ತಿಂಗಳಿಂದ ನಿಜ ಹೇಳುತ್ತಿದ್ದೇನೆ, ಹೂವು ಕಳಿಸುತ್ತೀರಿ. ಶಿಕ್ಷೆ ಯಾರಿಗಾದರೂ ಆಗಲೇಬೇಕೆಂದರೆ ನನ್ನ ಖಾತೆ ಮುಚ್ಚಿ. ಇಲ್ಲ, ಬೇಡ. ನಾನಿಲ್ಲದಿದ್ದರೆ ಅವನು ಮದ್ದು ಹಾಕುವುದು ಯಾರಿಗೆ. ಅವನ ಖಾತೆ ತೆರೆಯಿರಿ, ಆಟ ಓಡಿದರಷ್ಟೇ ಅವನು ಗಂಜಿಗೆ ಬಾಯಿ ತೆರೆಯುವುದು. ಫೋಟೋ ಕೇಳಬೇಡಿ, ಕೈ ಕೇಳಬೇಡಿ. ತೆರೆಯುತ್ತೀರೋ ಇಲ್ಲವೋ, ಮನುಷ್ಯರೊಬ್ಬರು ಕೂತು ಬರೆಯಬೇಕು. ನವೆಂಬರ್ 9, ಬೆಳಿಗ್ಗೆ ಡಾಕ್ಟರ್ ಬರುವುದರೊಳಗೆ ನನಗೆ ಉತ್ತರ ಬೇಕು.